ಬಿಳುಪಿನ ಜಾಹೀರಾತು ಬರೆಯುವವರಿಗೊಂದು ಬಹಿರಂಗ ಪತ್ರ



ನಿಮ್ಮ ಹೆಸರು ನನಗೆ ತಿಳಿಯದು. ಬಟ್ಟೆ ಒಗೆಯುವ ಪುಡಿ, ಪಾತ್ರೆ ತಿಕ್ಕುವ ದ್ರವ, ನೆಲ ಒರೆಸುವ ಫಿನೈಲು, ಕಕ್ಕಸಿಗೆ ಸುರಿಯುವ ಆಸಿಡ್ಡು, ಇವುಗಳ ಜಾಹೀರಾತಿಗೆ ಮಾತು ಬರೆಯುವವರು ನೀವು ಎಂಬುದಷ್ಟೇ ಗೊತ್ತು. ಮುಂಬಯಿಯಲ್ಲಿ ಕೂತು ಹಿಂದಿಯಲ್ಲಿ ಬರೆಯುವವರೂ, ಅದನ್ನು ಬೆಂಗಳೂರಿನಲ್ಲಿ ಕನ್ನಡಕ್ಕೆ ತರುವವರೂ ಈ ಪತ್ರ ತಮಗೇ ಬಂದದ್ದೆಂದು ಓದಿಕೊಳ್ಳಬೇಕು. ಕಂಪೆನಿಯ ಮಾಲೀಕರನ್ನು ಬಿಟ್ಟು ನಿಮಗೆ ಬರೆಯಲು ಕಾರಣವಿದೆ. ಒಂದು ಬಕೆಟಿಗೆ ಎಷ್ಟು ಪುಡಿ ಹಾಕಬೇಕು, ಎಷ್ಟು ನೊರೆ ಎದ್ದರೆ ಕೊಳೆ ಬಿಟ್ಟಿತೆಂದು ತಿಳಿಯಬೇಕು, ನೆಲಕ್ಕೆ ಯಾವ ವಾಸನೆ ಬಂದರೆ ಮನೆ ಮನೆಯಂತಿದೆ ಎನ್ನಬೇಕು, ಇದನ್ನೆಲ್ಲ ನಮ್ಮ ಮನೆಗಳಿಗೆ ಕಲಿಸಿದವರು ನೀವು. ನೀವು ಕಲಿಸಿದ್ದನ್ನು ನಾವು ಶ್ರದ್ಧೆಯಿಂದ ಕಲಿತಿದ್ದೇವೆ.

ನಾನಿರುವುದು ಮಂಗಳೂರಿನಲ್ಲಿ. ನೇತ್ರಾವತಿ, ಗುರುಪುರ ನದಿಗಳೆರಡೂ ಇಲ್ಲಿ ಬೆಂಗ್ರೆಯ ಪಕ್ಕ ಕೂಡಿ, ಒಂದೇ ಅಳಿವೆಯಿಂದ ಕಡಲು ಸೇರುತ್ತವೆ. ನಿಮ್ಮ ಜಾಹೀರಾತುಗಳು ಬಿಳಿ ಅಂಗಿ ಹಗ್ಗದ ಮೇಲೆ ಗಾಳಿಗೆ ಹಾರಾಡುವಲ್ಲಿಗೆ ಮುಗಿಯುತ್ತವೆ. ಬಕೆಟಿನಲ್ಲಿ ಉಳಿದ ನೀರು ಎಲ್ಲಿಗೆ ಹೋಯಿತೆಂದು ಅವುಗಳಲ್ಲಿ ಕಾಣುವುದಿಲ್ಲ. ನಿಮ್ಮ ಮಾತನ್ನು ಅಕ್ಷರಶಃ ನಂಬಿ, ಹೇಳಿದಷ್ಟು ಸುರಿದು, ಹೇಳಿದಷ್ಟು ಉಜ್ಜಿದ ಮನೆಯೊಂದರ ಬಚ್ಚಲ ನೀರಿನ ಜೊತೆ ಅಳಿವೆಯವರೆಗೆ ಬನ್ನಿ ಎಂದು ಕರೆಯುವುದಕ್ಕೆ ಈ ಪತ್ರ.

ನಿಮ್ಮ ಮೊದಲ ಮಾತು ನೊರೆಯದು. ನೊರೆಯೆಂದರೆ ಗಾಳಿ. ಕೊಳೆಯನ್ನು ಬಟ್ಟೆಯಿಂದ ಬಿಡಿಸುವುದು ಪುಡಿಯೊಳಗಿನ ಸರ್ಫ್ಯಾಕ್ಟೆಂಟ್ ಎಂಬ ವಸ್ತು. ಅದರ ಒಂದೊಂದು ಕಣಕ್ಕೂ ಎರಡು ತುದಿ. ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು ಹಿಡಿಯುತ್ತದೆ. ಇಂಥ ಕಣಗಳು ಗುಂಪುಗೂಡಿ ಜಿಡ್ಡನ್ನು ನಡುವೆ ಸುತ್ತುಗಟ್ಟಿ ನೀರಿಗೆ ಎಳೆದುಕೊಳ್ಳುತ್ತವೆ. ಈ ಕೆಲಸ ನೀರಿನೊಳಗೆ ನಡೆಯುವಂಥದ್ದು, ಮೇಲೆ ಏಳುವ ಬುರುಗಿನಲ್ಲಿ ನಡೆಯುವಂಥದ್ದಲ್ಲ. ನಿಮಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಮುಂದಿನಿಂದ ಬಾಗಿಲು ತೆರೆಯುವ ವಾಷಿಂಗ್ ಮೆಷಿನ್ನಿಗೆಂದು ನೀವೇ ಮಾರುವ ಪುಡಿಯಲ್ಲಿ ನೊರೆ ಏಳದಂತೆ ತಡೆಯುವ ವಸ್ತುವನ್ನು ಸೇರಿಸಿರುತ್ತಾರೆ. ಅದರಲ್ಲೂ ಬಟ್ಟೆ ಚೊಕ್ಕಟವಾಗುತ್ತದೆ. ಕೈಯಲ್ಲಿ ಒಗೆಯುವ ಬಡವರ ಮನೆಯ ಪೊಟ್ಟಣಕ್ಕೆ ಮಾತ್ರ ರಾಶಿ ನೊರೆಯ ಚಿತ್ರ. ಆ ನೊರೆ ಹೋಗುವವರೆಗೆ ಬಟ್ಟೆಯನ್ನು ಮತ್ತೆ ಮತ್ತೆ ಅದ್ದಬೇಕು, ಬಾವಿಯಿಂದ ಮತ್ತೆ ಮತ್ತೆ ನೀರು ಸೇದಬೇಕು. ಬೇಸಿಗೆಯಲ್ಲಿ ನಳ್ಳಿಯಲ್ಲಿ ನೀರು ಬರುವ ಹೊತ್ತಿಗೆ ಕಾದು ಕೂರುವ ಮನೆಗೆ ನೀವು ಹೊರಿಸಿದ ಭಾರ ಇದು.

ಆ ನೀರು ಮೊದಲು ಎಲ್ಲಿಗೆ ಹೋಗುತ್ತಿತ್ತು, ಈಗ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಬೇಕು. ಹಿತ್ತಲ ಒಗೆಯುವ ಕಲ್ಲಿನಿಂದ ಇಳಿದ ನೀರು ಬಾಳೆಯ ಬುಡಕ್ಕೋ ತೆಂಗಿನ ಕಟ್ಟೆಗೋ ಹೋಗಿ ಮಣ್ಣಿನಲ್ಲಿ ಇಂಗುತ್ತಿತ್ತು. ಗಾಳಿಯಾಡುವ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಅದರಲ್ಲಿದ್ದ ಕೊಳೆಯನ್ನು ಅರಗಿಸಿಕೊಳ್ಳುತ್ತಿದ್ದವು. ಈಗ ಹಿತ್ತಲಿಲ್ಲ. ಫ್ಲ್ಯಾಟಿನ ಪೈಪು ಒಳಚರಂಡಿಗೆ ಸೇರಿದ್ದರೆ ನೀರು ಸಂಸ್ಕರಣ ಘಟಕಕ್ಕೆ ಹೋಗುತ್ತದೆ. ಸೇರದಿದ್ದರೆ, ಅಥವಾ ನಡುವೆ ಪೈಪು ಒಡೆದಿದ್ದರೆ, ಪಕ್ಕದ ತೋಡಿಗೆ. ನಮ್ಮೂರಿನ ತೋಡುಗಳು ಗುಡ್ಡದ ಮಳೆನೀರನ್ನು ಹೊಳೆಗೆ ಮುಟ್ಟಿಸಲೆಂದು ಹುಟ್ಟಿದವು. ಮಳೆ ನಿಂತ ಮೇಲೂ ಅವು ಬತ್ತದೆ ಹರಿಯುತ್ತಿದ್ದರೆ ಒಳಗಿರುವುದು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸೇತುವೆಯ ಮೇಲಿಂದ ಬಗ್ಗಿ ನೋಡಿದರೆ, ಕಪ್ಪು ನೀರು ಕಲ್ಲಿನಿಂದ ಕಲ್ಲಿಗೆ ಬೀಳುವ ಕಡೆಯಲ್ಲೆಲ್ಲ ಬಿಳಿ ಬುರುಗು ಕಟ್ಟಿಕೊಂಡು ನಿಂತಿರುತ್ತದೆ, ಗಾಳಿ ಬೀಸಿದಾಗ ಅದರ ಚೂರು ಎದ್ದು ದಂಡೆಯ ಹುಲ್ಲಿಗೆ ಅಂಟುತ್ತದೆ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಸರ್ಫ್ಯಾಕ್ಟೆಂಟಿನ ಹೆಸರು ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೊನೇಟ್. ಅದಕ್ಕಿಂತ ಮುಂಚೆ ಬಳಸುತ್ತಿದ್ದ ಕವಲುಸರಪಳಿಯ ವಸ್ತು ಬ್ಯಾಕ್ಟೀರಿಯಾಗಳ ಬಾಯಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. 1950ರ ದಶಕದಲ್ಲಿ ಯುರೋಪು, ಅಮೆರಿಕಗಳ ನದಿಗಳು ನೊರೆಯ ಬೆಟ್ಟಗಳನ್ನು ಹೊತ್ತು ಹರಿದವು. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ಮಾಡಿತು, ಅಮೆರಿಕದ ಉದ್ಯಮ 1965ರ ಹೊತ್ತಿಗೆ ತಾನಾಗಿ ಬದಲಾಯಿತು. ಹೀಗೆ ಬಂದ ಹೊಸ ವಸ್ತು ಗಾಳಿಯಿರುವ ನೀರಿನಲ್ಲಿ ಬೇಗ ಕೊಳೆತುಹೋಗುತ್ತದೆ. ಒಳ್ಳೆಯದೇ. ಆದರೆ ಆಮ್ಲಜನಕ ಇಲ್ಲದ ಕಡೆ, ಅಂದರೆ ಸೆಪ್ಟಿಕ್ ಟ್ಯಾಂಕಿನಲ್ಲಿ, ಕಪ್ಪುಗಟ್ಟಿದ ತೋಡಿನಲ್ಲಿ, ಅಳಿವೆಯ ಕೆಸರಿನ ಒಳಪದರದಲ್ಲಿ ಅದು ಹಾಗೇ ಉಳಿಯುತ್ತದೆ. ಹೊಳೆಯ ಸಿಹಿನೀರಿಗೆ ಕಡಲಿನ ಉಪ್ಪು ಬೆರೆಯುವ ಜಾಗದಲ್ಲಿ ಅದು ಮಣ್ಣಿನ ಕಣಗಳಿಗೆ ಅಂಟಿ ಕೆಳಗೆ ಕೂರುತ್ತದೆ. ಅಳಿವೆಯ ತಳದಲ್ಲಿ ಬದುಕುವ ಜೀವಗಳಿಗೆ ಅದು ಸಿಗುವುದು ಹೀಗೆ.

ಆ ಜೀವಗಳಲ್ಲಿ ಒಂದರ ಬಗ್ಗೆ ಹೇಳುತ್ತೇನೆ. ತುಳುವರು ಮರುವಾಯಿ ಎನ್ನುವುದು, ಉಳಿದವರು ಚಿಪ್ಪಿಕಲ್ಲು ಎನ್ನುವುದು. ನೀರಿಳಿತದ ಹೊತ್ತಿನಲ್ಲಿ ಹೊಳೆಗಿಳಿದು, ಕಾಲಿನಿಂದ ಮರಳು ತಡವಿ, ಮುಳುಗಿ ಹೆಕ್ಕಿ ತರುತ್ತಾರೆ. ಪೇಟೆಯಲ್ಲಿ ನೂರರ ಲೆಕ್ಕದಲ್ಲಿ ಮಾರುತ್ತಾರೆ. ಅಡುಗೆಗೆ ಮುಂಚೆ ಮರಳು ಕಕ್ಕಲಿ ಎಂದು ಅದನ್ನು ಉಪ್ಪುನೀರಿನ ಪಾತ್ರೆಯಲ್ಲಿ ಇಡುವುದು ರೂಢಿ. ಸ್ವಲ್ಪ ಹೊತ್ತು ಸದ್ದು ಮಾಡದೆ ಕೂತರೆ ಚಿಪ್ಪು ಕೂದಲೆಳೆಯಷ್ಟು ಬಿಡುತ್ತದೆ, ಅಲ್ಲಿಂದ ಎರಡು ಮೊಟಕು ಕೊಳವೆಗಳು ಹೊರಬರುತ್ತವೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ನಡುವೆ ಕಿವಿರು. ಕಿವಿರಿನ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು. ಅವು ಒಂದೇ ಸಮ ಬಡಿಯುತ್ತ ನೀರನ್ನು ತಳ್ಳುತ್ತವೆ, ಆಹಾರದ ಕಣಗಳನ್ನು ಸೋಸಿ ಬಾಯಿಯತ್ತ ಸಾಗಿಸುತ್ತವೆ. ಉಸಿರಾಟವೂ ಊಟವೂ ಇದರಿಂದಲೇ. ಇಂಥ ಚಿಪ್ಪುಜೀವಿಗಳು ದಿನವಿಡೀ ಸೋಸುವುದರಿಂದ ಅಳಿವೆಯ ನೀರೂ ತಿಳಿಯಾಗುತ್ತದೆ.

ಸರ್ಫ್ಯಾಕ್ಟೆಂಟಿನ ಜಿಡ್ಡುಹಿಡಿಯುವ ತುದಿಗೆ ಬಾಣಲೆಯ ಎಣ್ಣೆ ಯಾವುದು, ಕಿವಿರಿನ ಜೀವಕೋಶಗಳ ಮೇಲಿನ ಕೊಬ್ಬಿನ ಪೊರೆ ಯಾವುದು ಎಂಬ ಭೇದ ತಿಳಿಯದು. ಅದು ಮೀನಿನ ಕಿವಿರಿಗೆ ಗಾಯ ಮಾಡುತ್ತದೆ, ಚಿಪ್ಪುಜೀವಿಗಳು ಸೋಸುವ ವೇಗವನ್ನು ಕುಗ್ಗಿಸುತ್ತದೆ. ಬೆಳೆದ ಮರುವಾಯಿ ಚಿಪ್ಪು ಮುಚ್ಚಿಕೊಂಡು ಸ್ವಲ್ಪ ಕಾಲ ತಡೆದೀತು. ಅದರ ಮರಿಗೆ, ಇನ್ನೂ ಚಿಪ್ಪು ಕಟ್ಟದೆ ನೀರಿನಲ್ಲಿ ತೇಲುವ ಸೂಜಿಮೊನೆಯಷ್ಟು ಜೀವಕ್ಕೆ, ಅಂಥ ಬಾಗಿಲೇ ಇಲ್ಲ. ಇನ್ನೊಂದು ವಿಷಯ. ಸರ್ಫ್ಯಾಕ್ಟೆಂಟುಗಳು ನೀರಿನ ಮೇಲ್ಪದರದಲ್ಲಿ ಹೆಚ್ಚಾಗಿ ಸೇರಿಕೊಳ್ಳುತ್ತವೆ. ಹಲವು ಮೀನುಗಳ ಮೊಟ್ಟೆ ತೇಲುವುದೂ ಆ ಪದರದಲ್ಲೇ.

ಕಡಲ ತೀರದಲ್ಲಿ ಕಂಡ ನೊರೆಯೆಲ್ಲ ಸಾಬೂನಿನದೆಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಪಣಂಬೂರಿನಲ್ಲೂ ಉಳ್ಳಾಲದಲ್ಲೂ ಅಲೆಯೊಡನೆ ಬರುವ ಕಂದುನೊರೆ ಬಹುಪಾಲು ಸತ್ತ ಪ್ಲವಕಗಳ ಸಾರದಿಂದ ಹುಟ್ಟಿದ್ದು, ನಿಮ್ಮ ಪುಡಿ ಹುಟ್ಟುವ ಮೊದಲೂ ಅದು ಇತ್ತು. ಆದರೆ 2019ರ ಡಿಸೆಂಬರಿನಲ್ಲಿ ಚೆನ್ನೈಯ ಮರೀನಾ ತೀರವನ್ನು ದಿನಗಟ್ಟಲೆ ಮುಚ್ಚಿದ ಬಿಳಿನೊರೆ ಬೇರೆ ಥರದ್ದು. ಮಳೆ ಸುರಿದು, ಸಂಸ್ಕರಿಸದ ಚರಂಡಿ ನೀರು ಕಡಲಿಗೆ ನುಗ್ಗಿ, ಅದರೊಳಗಿದ್ದ ಡಿಟರ್ಜೆಂಟು ಅಲೆಗೆ ಕಡೆದು ಎದ್ದ ನೊರೆ ಅದೆಂದು ಅಧಿಕಾರಿಗಳು ಹೇಳಿದರು. ಮಕ್ಕಳು ಅದರಲ್ಲಿ ಕುಣಿಯುವ ಫೋಟೋಗಳನ್ನು ನೀವೂ ನೋಡಿರುತ್ತೀರಿ. ನಿಮ್ಮ ಜಾಹೀರಾತಿನಲ್ಲಿ ಟಬ್ಬಿನಿಂದ ನೊರೆ ಎತ್ತಿ ಊದುವ ಮಗುವಿಗೂ ಆ ಮಕ್ಕಳಿಗೂ ನಗೆ ಒಂದೇ. ನನಗೆ ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಅದೇ ಹೊತ್ತಿಗೆ ಆ ನೀರಿಗೆ ಹೋಗಬೇಡಿ ಎಂದು ಮೀನುಗಾರರಿಗೆ ಹೇಳಲಾಗಿತ್ತು.

ನೊರೆ ನೀರಿನಲ್ಲೇ ಉಳಿಯುತ್ತದೆಂದೂ ಭಾವಿಸಬೇಡಿ. ಆಸ್ಟ್ರೇಲಿಯದ ಸಿಡ್ನಿ ನಗರದ ಮ್ಯಾನ್ಲಿ ಕಡಲತೀರದಲ್ಲಿ ಸಾಲಾಗಿ ನಿಂತ ನಾರ್ಫಕ್ ಪೈನ್ ಮರಗಳು ಪ್ರಸಿದ್ಧ. ಅವು 1960–70ರ ದಶಕಗಳಲ್ಲಿ ಕಡಲ ಕಡೆಯಿಂದ ಸುಟ್ಟಂತೆ ಒಣಗತೊಡಗಿದವು. ಹತ್ತಿರದಲ್ಲೇ ಚರಂಡಿ ನೀರನ್ನು ಕಡಲಿಗೆ ಬಿಡುತ್ತಿದ್ದರು. ಅಲೆ ಒಡೆದು ಏಳುವ ತುಂತುರಿನ ಜೊತೆ ಸರ್ಫ್ಯಾಕ್ಟೆಂಟೂ ಹಾರಿ ಎಲೆಯ ಮೇಣದ ಕಾಪನ್ನು ಕೆಡಿಸಿದ್ದರಿಂದ, ಅಷ್ಟು ಕಾಲ ಆ ಮರಗಳು ತಡೆದುಕೊಂಡಿದ್ದ ಉಪ್ಪು ಒಳಗೆ ಇಳಿಯಿತು. ಇಟಲಿಯ ಆರ್ನೊ ನದಿಯ ಅಳಿವೆಯ ಬಳಿ, ಸಾನ್ ರೊಸ್ಸೋರೆಯ ಪೈನ್ ಕಾಡಿನಲ್ಲೂ ಇದೇ ಆಯಿತು. ಮನೆಯೊಳಗೆ ತೊಳೆದ ಪಾತ್ರೆ ದಡದ ಮರವನ್ನು ಒಣಗಿಸುತ್ತದೆಂದು ಯಾರು ಊಹಿಸಿಯಾರು?

ಈಗ ನಿಮ್ಮ ಎರಡನೆಯ ಮಾತು, ಬಿಳುಪು. ಪುಡಿಯಲ್ಲಿ ಬೆಳಗುಕಾರಕ ಎಂಬ ವಸ್ತುವೊಂದಿರುತ್ತದೆ. ಅದು ಕೊಳೆ ತೆಗೆಯುವುದಿಲ್ಲ. ಬಟ್ಟೆಯ ಮೇಲೆ ಉಳಿದು, ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಹಳದಿ ಬಟ್ಟೆ ಬಿಳಿಯಾಗಿ ಕಾಣುತ್ತದೆ. ಬಟ್ಟೆಗೆ ಅಂಟದ ಪಾಲು ನೀರಿನೊಡನೆ ಹೋಗುತ್ತದೆ. ಹೊಳೆಗೋ ಕಡಲಿಗೋ ಎಲ್ಲಿಂದ ಮನೆಗಳ ಕೊಳೆನೀರು ಸೋರುತ್ತಿದೆ ಎಂದು ಪತ್ತೆ ಮಾಡಬೇಕಾದಾಗ ಸಂಶೋಧಕರು ಹುಡುಕುವ ಗುರುತುಗಳಲ್ಲಿ ಇದೂ ಒಂದು. ನೀರಿನ ಮಾದರಿಗೆ ಅತಿನೇರಳೆ ಬೆಳಕು ಹಾಯಿಸಿದಾಗ ಅದು ಹೊಳೆದರೆ, ಅಲ್ಲಿಗೆ ಯಾರದೋ ಮನೆಯ ಒಗೆತದ ನೀರು ಬಂದಿರಬಹುದು ಎಂದರ್ಥ. ಬಿಳುಪಿನ ಹೊಳಪು ನೀವು ಹೇಳಿದಂತೆಯೇ ಬಹಳ ದೂರದವರೆಗೆ ಉಳಿಯುತ್ತದೆ.

ವಾಸನೆಯ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಗ್ಯಾಲಕ್ಸೊಲೈಡ್‌ನಂಥ ಕೃತಕ ಕಸ್ತೂರಿಗಳು ಮೀನಿನಲ್ಲೂ ಚಿಪ್ಪುಜೀವಿಗಳಲ್ಲೂ ತಾಯಿಯ ಹಾಲಿನಲ್ಲೂ ಸಿಕ್ಕಿವೆ. ಒಗೆದ ಬಟ್ಟೆಗೆ ಬಿಸಿಲಿನ ವಾಸನೆ ಸಾಕೆಂದು ನನ್ನ ಅಭಿಪ್ರಾಯ.

ಮೂರನೆಯದು ಶೇಕಡಾ 99.9ರಷ್ಟು ಕೀಟಾಣುಗಳನ್ನು ಕೊಲ್ಲುವ ಮಾತು. ಇದರಲ್ಲಿ ನೀವು ಬಳಸಿದ್ದು ತಾಯಂದಿರ ಭಯವನ್ನು. ತೆವಳುವ ಮಗು, ಭೂತಗನ್ನಡಿ, ಅದರೊಳಗೆ ಹಲ್ಲು ಕಿರಿಯುವ ಹಸಿರು ಹುಳ. ಮನೆಯಲ್ಲಿ ಕಾಯಿಲೆಯವರಿದ್ದಾಗ ನಂಜುನಾಶಕ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆರೋಗ್ಯವಾಗಿರುವ ಮನೆಯ ನೆಲಕ್ಕೆ ದಿನವೂ ಅದು ಬೇಕೆಂದು ಹೇಳಿದವರು ಯಾರು? 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಟ್ರೈಕ್ಲೊಸಾನ್ ಸೇರಿ 19 ವಸ್ತುಗಳನ್ನು ಕೈ, ಮೈ ತೊಳೆಯುವ ಸಾಬೂನುಗಳಿಂದ ತೆಗೆಯಬೇಕೆಂದು ಆದೇಶ ಮಾಡಿತು. ಮಾಮೂಲಿ ಸೋಪು, ನೀರಿಗಿಂತ ಅವು ಹೆಚ್ಚಿನ ರಕ್ಷಣೆ ಕೊಡುತ್ತವೆಂದು ತಯಾರಕರು ತೋರಿಸಿಕೊಡಲಾಗಲಿಲ್ಲ. ನೆಲ ಒರೆಸುವ ದ್ರವಗಳಲ್ಲಿ ಈಗ ಹೆಚ್ಚಾಗಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಕೆಸರಿಗೆ ಬಲವಾಗಿ ಅಂಟುವ ವಸ್ತು, ನೀರಿನ ಪಾಚಿಗೂ ಸಣ್ಣ ಜೀವಿಗಳಿಗೂ ತೀರ ಅಲ್ಪ ಪ್ರಮಾಣದಲ್ಲೇ ವಿಷ. ಬ್ಲೀಚು ದಾರಿಯಲ್ಲೇ ಬಹುಪಾಲು ಖರ್ಚಾಗುತ್ತದೆ, ಕಕ್ಕಸಿನ ಆಸಿಡ್ಡನ್ನು ಕಡಲಿನ ಕ್ಷಾರಗುಣ ನುಂಗಿಕೊಳ್ಳುತ್ತದೆ. ಆದರೆ ಅವೆರಡೂ ಮೊದಲು ತಲುಪುವುದು ಸೆಪ್ಟಿಕ್ ಟ್ಯಾಂಕಿಗೆ, ಅಲ್ಲಿ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾಗಳ ಬಳಿಗೆ. ದಿನವೂ ಧಾರಾಳವಾಗಿ ಸುರಿದರೆ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಅರಗದ ಕೊಳೆ ಮುರಕಲ್ಲಿನ ಸಂದಿಗಳಲ್ಲಿ ಇಳಿದು ಬಾವಿಗೂ ತೋಡಿಗೂ ಸೇರುತ್ತದೆ.

ನಾನು ಮುಖ್ಯವಾಗಿ ಬರೆಯಬೇಕೆಂದಿದ್ದ ವಿಷಯಕ್ಕೆ ಈಗ ಬರುತ್ತೇನೆ. ಸರ್ಫ್ಯಾಕ್ಟೆಂಟ್ ಗಡಸು ನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಹಿಡಿದುಹಾಕುತ್ತವೆ. ಆದ್ದರಿಂದ ಆ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಲು ಪುಡಿಗೆ ಇನ್ನೊಂದು ವಸ್ತು ಸೇರಿಸುತ್ತಾರೆ. ಫಾಸ್ಫೇಟು, ಜಿಯೊಲೈಟು ಅಥವಾ ಬರೀ ಸೋಡಾ. ಇವುಗಳಲ್ಲಿ ಫಾಸ್ಫೇಟು, ಅಂದರೆ ರಂಜಕದ ಲವಣ, ಪಾಚಿಗೆ ಗೊಬ್ಬರ. 1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂದು ಕೆರೆಯ ನಡುವೆ ಪರದೆ ಕಟ್ಟಿ, ಒಂದು ಭಾಗಕ್ಕೆ ಇಂಗಾಲ, ಸಾರಜನಕ ಮಾತ್ರ, ಇನ್ನೊಂದು ಭಾಗಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಹಚ್ಚಹಸಿರು ಪಾಚಿಯಾಯಿತು, ಪರದೆಯ ಈಚೆ ನೀರು ನೀರಾಗಿಯೇ ಉಳಿಯಿತು. ಪಾಚಿಗೆ ಕಾರಣ ಇಂಗಾಲ, ನಮ್ಮ ಫಾಸ್ಫೇಟಲ್ಲ ಎನ್ನುತ್ತಿದ್ದ ಉದ್ಯಮದ ವಾದವನ್ನು ಆಕಾಶದಿಂದ ತೆಗೆದ ಆ ಒಂದು ಚಿತ್ರ ಮುಗಿಸಿತು. ಚಿತ್ರದ ಶಕ್ತಿ ನಿಮಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ಯುರೋಪಿನ ಒಕ್ಕೂಟ 2013ರ ಜೂನ್ 30ರಿಂದ ಮನೆಬಳಕೆಯ ಬಟ್ಟೆಪುಡಿಗಳಲ್ಲೂ, 2017ರ ಜನವರಿಯಿಂದ ಪಾತ್ರೆ ತೊಳೆಯುವ ಯಂತ್ರದ ಪುಡಿಗಳಲ್ಲೂ ರಂಜಕಕ್ಕೆ ಬಿಗಿಯಾದ ಮಿತಿ ಹಾಕಿತು.

ಅದು ಸಿಹಿನೀರಿನ ಕೆರೆ, ಕಡಲಿನ ಮಾತು ಬೇರೆ ಎಂದು ನೀವು ಹೇಳಬಹುದು. ನಿಜ, ಕಡಲಿನಲ್ಲಿ ಸಾಮಾನ್ಯವಾಗಿ ಪಾಚಿಯನ್ನು ಹಿಡಿದು ನಿಲ್ಲಿಸುವುದು ಸಾರಜನಕದ ಕೊರತೆ. ಅಳಿವೆ ಮಾತ್ರ ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ಅಲ್ಲಿ ಎರಡೂ ಲೆಕ್ಕಕ್ಕೆ ಬರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಿಂದ ಕೆಳಗೆ ನೇತ್ರಾವತಿಯ ಹರಿವು ಬಹುತೇಕ ನಿಲ್ಲುತ್ತದೆ, ತೋಡುಗಳ ಕೊಳೆನೀರನ್ನು ತೆಳುವಾಗಿಸಲು ಹೊಳೆಯಲ್ಲಿ ನೀರೇ ಇರುವುದಿಲ್ಲ. ಇದಲ್ಲದೆ ಮುಂಗಾರಿನ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಆಳದಿಂದ ಆಮ್ಲಜನಕ ಕಡಿಮೆಯಿರುವ ನೀರು ನಮ್ಮ ದಡದತ್ತ ಮೇಲೇರಿ ಬರುವುದು ಸಹಜ ಕ್ರಮ. ಬೂತಾಯಿ, ಬಂಗುಡೆಗಳಿಗೆ ಮೇವು ಕೊಡುವುದೂ ಅದೇ ನೀರು. ಮೊದಲೇ ಉಸಿರು ಕಡಿಮೆಯಿರುವ ನೀರಿನಲ್ಲಿ ನಾವು ಇನ್ನಷ್ಟು ಪಾಚಿ ಬೆಳೆಸಿ, ಅದು ಕೊಳೆತು ಉಳಿದ ಆಮ್ಲಜನಕವನ್ನೂ ತಿನ್ನುವಂತೆ ಮಾಡುವುದು ಎಂಥ ಕೆಲಸ!

ಇಷ್ಟೆಲ್ಲ ಹೇಳಿದ್ದು ಇದಕ್ಕಾಗಿ: ಕರಾವಳಿಯ ನೀರು ಮೆದು. ಘಟ್ಟದ ಮಳೆ ಮುರಕಲ್ಲು, ಕಗ್ಗಲ್ಲುಗಳ ಮೇಲೆ ಹರಿದು ಬರುವಾಗ ಸುಣ್ಣದಂಶ ಅದರಲ್ಲಿ ಕರಗುವುದು ಕಡಿಮೆ. ಬಯಲುಸೀಮೆಯ ನೆಂಟರು ಬಂದು ಸ್ನಾನ ಮಾಡಿದರೆ, ಎಷ್ಟು ಚೊಂಬು ಸುರಿದುಕೊಂಡರೂ ಸೋಪು ಹೋಗುವುದಿಲ್ಲವಲ್ಲ ಎನ್ನುತ್ತಾರೆ. ಕೋಲಾರದ ಕೊಳವೆಬಾವಿಯ ನೀರಿಗೆ ಬೇಕಾದಷ್ಟು ಪುಡಿ ಇಲ್ಲಿ ಬೇಕಿಲ್ಲ. ಕ್ಯಾಲ್ಸಿಯಂ ಕಟ್ಟಿಹಾಕಲೆಂದು ಸೇರಿಸಿದ ವಸ್ತುವಿಗೆ ಇಲ್ಲಿ ಕಟ್ಟಿಹಾಕಲು ಹೆಚ್ಚೇನೂ ಇಲ್ಲ. ನಾವು ದುಡ್ಡು ಕೊಟ್ಟು ಕೊಂಡ ಆ ಪಾಲಿನ ಬಹುಭಾಗ ಬಕೆಟಿನಲ್ಲಿ ಆ ಕೆಲಸ ಮಾಡದೆ ನೇರವಾಗಿ ಅಳಿವೆಗೆ ಹೋಗುತ್ತದೆ. ಆದರೂ ಕೋಲಾರದಲ್ಲಿ ಸಿಗುವ ಪ್ಯಾಕೆಟ್ಟೂ ಕುಂದಾಪುರದಲ್ಲಿ ಸಿಗುವ ಪ್ಯಾಕೆಟ್ಟೂ ಒಂದೇ, ಹಿಂಬದಿಯ ಚಮಚದ ಚಿತ್ರವೂ ಒಂದೇ. ನನ್ನ ಕೈಯಲ್ಲಿರುವ ಪ್ಯಾಕೆಟ್ಟಿನಲ್ಲಿ ಫಾಸ್ಫೇಟು ಇದೆಯೋ ಇಲ್ಲವೋ ಎಂಬುದನ್ನೂ ಎಲ್ಲೂ ಬರೆದಿಲ್ಲ. ಯುರೋಪಿನಲ್ಲಿ 2005ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಪ್ಯಾಕೆಟ್ಟಿನ ಮೇಲೆ ಫಾಸ್ಫೇಟು, ಸರ್ಫ್ಯಾಕ್ಟೆಂಟು, ಬೆಳಗುಕಾರಕ, ಸುಗಂಧಗಳನ್ನು ಹೇಳಲೇಬೇಕು. ಮೆದು ನೀರಿಗೆ ಎಷ್ಟು, ಮಧ್ಯಮಕ್ಕೆ ಎಷ್ಟು, ಗಡಸಿಗೆ ಎಷ್ಟು ಎಂದು ಅಳತೆಯನ್ನೂ ಬೇರೆ ಬೇರೆಯಾಗಿ ಕೊಡಬೇಕು.

ತಪ್ಪು ಚರಂಡಿಯದು, ಪುಡಿಯದಲ್ಲ ಎಂಬ ಉತ್ತರ ನಿಮ್ಮಲ್ಲಿ ಸಿದ್ಧವಿರಬಹುದು. ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯ ಪ್ರಕಾರ ದೇಶದ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳೆನೀರು ಹುಟ್ಟುತ್ತದೆ, ನಿಜವಾಗಿ ಸಂಸ್ಕರಣೆಯಾಗುವುದು ಅದರ ಶೇ. 28ರಷ್ಟು. ಹೌದು, ಅದು ಸರ್ಕಾರಗಳ ಕೆಲಸ, ಅದನ್ನು ಅವರಿಂದ ಕೇಳುತ್ತಲೇ ಇದ್ದೇವೆ. ಕೊಳೆನೀರಿನ ಸಾರಜನಕ, ರಂಜಕದ ಬಹುಪಾಲು ಮನುಷ್ಯರ ಮಲಮೂತ್ರದ್ದು, ಗದ್ದೆಯ ಗೊಬ್ಬರವೂ ಸೇರುತ್ತದೆ, ಅದನ್ನೂ ಒಪ್ಪುತ್ತೇನೆ. ಆದರೆ ಸಾಮಾನ್ಯ ಸಂಸ್ಕರಣ ಘಟಕ ಸರ್ಫ್ಯಾಕ್ಟೆಂಟನ್ನು ಹೆಚ್ಚುಕಡಿಮೆ ಪೂರ್ತಿ ಅರಗಿಸಿದರೂ ರಂಜಕದ ಹೆಚ್ಚಿನ ಪಾಲನ್ನು ಹಾಗೇ ಹೊರಬಿಡುತ್ತದೆ. ಮಲಮೂತ್ರವನ್ನು ಯಾರೂ ನಿಲ್ಲಿಸಲಾರರು. ಕೆಲಸವಿಲ್ಲದೆ ಬಕೆಟಿಗೆ ಬೀಳುವ ಒಂದು ಚಮಚ ಪುಡಿಯನ್ನು ನಾಳೆಯೇ ನಿಲ್ಲಿಸಬಹುದು.

ಇನ್ನೊಂದು ದಾರಿಯನ್ನೂ ನೀವು ಹಿಡಿಯಬಹುದು, ಹಿಡಿದವರೂ ಇದ್ದಾರೆ: ಬಾಟಲಿಯ ಮೇಲೆ ಒಂದು ಹಸಿರೆಲೆ ಬರೆದು ನೈಸರ್ಗಿಕ ಎನ್ನುವುದು. ದಯವಿಟ್ಟು ಅದು ಬೇಡ. ಅಂಟುವಾಳ ನಮ್ಮ ಅಜ್ಜಿಯಂದಿರು ರೇಷ್ಮೆಸೀರೆಗೂ ಚಿನ್ನಕ್ಕೂ ಬಳಸಿದ ಒಳ್ಳೆಯ ಕಾಯಿ. ಅದರ ನೊರೆಯೂ ಮೀನಿನ ಕಿವಿರಿಗೆ ವಿಷವೇ, ಹಲವು ದೇಶಗಳಲ್ಲಿ ಆ ಜಾತಿಯ ಕಾಯನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುತ್ತಿದ್ದರು. ಎಷ್ಟು ಬಳಸುತ್ತೇವೆ, ಎಲ್ಲಿ ಚೆಲ್ಲುತ್ತೇವೆ ಎಂಬುದೇ ಮುಖ್ಯ.

ಬೂದಿ, ತೆಂಗಿನ ನಾರಿನ ಕಾಲಕ್ಕೆ ಹಿಂತಿರುಗಿ ಎಂದು ನಾನು ಯಾವ ಮನೆಗೂ ಹೇಳಲಾರೆ. ಸಾಬೂನುಪುಡಿ ಹೆಂಗಸರ ರಟ್ಟೆಯ ನೋವನ್ನು ಕಡಿಮೆ ಮಾಡಿದೆ. ಮೀನುಗಾರರ ಮನೆಯ ಬಟ್ಟೆಯ ಮೀನುವಾಸನೆ ತೆಗೆಯುವುದೂ ಅದೇ. ಹೊಳೆಯಿಂದ ಮರುವಾಯಿ ಹೆಕ್ಕಿ ತರುವ ಹೆಂಗಸೂ ಸಂಜೆ ಅಂಗಡಿಯಲ್ಲಿ ನಿಮ್ಮ ಹತ್ತು ರೂಪಾಯಿಯ ಪೊಟ್ಟಣವನ್ನೇ ಕೊಳ್ಳುತ್ತಾಳೆ. ಅದರಿಂದಲೇ ನಿಮಗೆ ಬರೆಯುತ್ತಿದ್ದೇನೆ. ಅವಳ ಮನೆಯ ಟಿ.ವಿ.ಯೊಳಗೆ ಹೋಗಲು ನನಗೆ ದಾರಿಯಿಲ್ಲ, ನಿಮಗಿದೆ.

ಮುಂದಿನ ಪ್ಯಾಕೆಟ್ಟಿಗೆ, ಮುಂದಿನ ಜಾಹೀರಾತಿಗೆ ಬೇಕಾದ ಮಾತನ್ನು ಬರೆದುಕೊಡುತ್ತಿದ್ದೇನೆ. ತಿದ್ದಿಕೊಳ್ಳಿ, ನನ್ನ ಹೆಸರು ಬೇಡ, ದುಡ್ಡೂ ಬೇಡ.

“ಕರಾವಳಿ, ಮಲೆನಾಡಿನ ಮೆದು ನೀರಿಗೆ ಕಡಿಮೆ ಪುಡಿ ಸಾಕು, ಅಳತೆ ಈ ಚಮಚದ ಕೆಳಗಿನ ಗೆರೆಯವರೆಗೆ. ನೊರೆ ಕಡಿಮೆ ಬಂದರೂ ಕೊಳೆ ಹೋಗುತ್ತದೆ. ಇದರಲ್ಲಿ ಫಾಸ್ಫೇಟು ಇಲ್ಲ. ಒಗೆದ ನೀರನ್ನು ತೋಡಿಗೆ ಬಿಡಬೇಡಿ.”

ಇತಿ,
ನಿಮ್ಮ ಪುಡಿಯ ಒಬ್ಬ ಗಿರಾಕಿ,
ಮಂಗಳೂರು